ಗೋಕುಲ ರಸ್ತೆಯ ಬ್ಯಾಟರಿ ಅಂಗಡಿ, ನಾಲ್ಕೂವರೆ ವರ್ಷ ಬಾಳಿದ ಬ್ಯಾಟರಿ

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಗ್ಯಾರೇಜುಗಳ ಸಾಲಿನ ನಡುವೆ ಇರುವ ಒಂದು ಚಿಕ್ಕ ಬ್ಯಾಟರಿ ಅಂಗಡಿಗೆ ನಾನು ಎರಡು ಸಲ ಕಷ್ಟದಲ್ಲಿದ್ದಾಗ ಹೋಗಿದ್ದೇನೆ. ಮೊದಲ ಸಲ, 2023ರ ಮೇ ತಿಂಗಳಲ್ಲಿ, ಹೊಸ ಬ್ಯಾಟರಿ ಕೊಳ್ಳಲೇಬೇಕೆಂದು ಹಣ ಹಿಡಿದುಕೊಂಡೇ ಹೋಗಿದ್ದ ನನ್ನನ್ನು ಅಂಗಡಿಯವರು 150 ರೂಪಾಯಿ ತೆಗೆದುಕೊಂಡು ಹಳೆಯ ಬ್ಯಾಟರಿಯೊಂದಿಗೇ ಮನೆಗೆ ಕಳುಹಿಸಿದರು. ಎರಡನೆಯ ಸಲ, 2024ರ ಡಿಸೆಂಬರಿನಲ್ಲಿ, ಹಳೆಯದು ಇನ್ನು ನಡೆಯುವುದಿಲ್ಲವೆಂದು ಕಾರಣಸಹಿತ ತೋರಿಸಿ ಹೊಸದನ್ನು ಕೂರಿಸಿಕೊಟ್ಟರು. ಎರಡು ಸಲವೂ ಅವರು ಮಾತಾಡಿದ್ದು ಅಳೆದು ನೋಡಿದ ಮೇಲೆ. ಈ ಅಂಗಡಿಯ ಬಗ್ಗೆ ನಾನು ಬರೆಯಲು ಕೂತಿರುವುದು ಅದೊಂದೇ ಗುಣದಿಂದಾಗಿ.

ನನ್ನದು 2015ರ ಪೆಟ್ರೋಲ್ ವ್ಯಾಗನ್‌ಆರ್. ಅದರ ಬ್ಯಾಟರಿ 12 ವೋಲ್ಟ್, 35 ಆಂಪಿಯರ್-ಅವರ್ (ಒಂದು ಆಂಪಿಯರ್ ಕರೆಂಟನ್ನು ಸುಮಾರು 35 ಗಂಟೆ ಕೊಡಬಲ್ಲಷ್ಟು ಸಂಗ್ರಹ). ಅಂಗಡಿಗಳಲ್ಲಿ ಇದನ್ನು 38ಬಿ20ಎಲ್ ಎಂಬ ಅಳತೆಯ ಹೆಸರಿನಿಂದ ಕೇಳಬೇಕು. ಕಾರಿನೊಂದಿಗೆ ಬಂದ ಮೊದಲ ಬ್ಯಾಟರಿ ಐದು ವರ್ಷ ನಡೆದು, 2020ರ ಲಾಕ್‌ಡೌನ್ ದಿನಗಳಲ್ಲಿ ಕಾರು ನಿಂತಲ್ಲೇ ನಿಂತಿದ್ದರಿಂದ ಸತ್ತಿತು. ಆ ವರ್ಷದ ಜುಲೈಯಲ್ಲಿ ಹಾಕಿಸಿದ ಎರಡನೆಯ ಬ್ಯಾಟರಿಯೇ ಈ ಬರಹದ ವಿಷಯ.

2023ರ ಮೇ ತಿಂಗಳಲ್ಲಿ ನಾವು ಮಗಳ ಮನೆಗೆಂದು ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಹನ್ನೆರಡು ದಿನ ಇದ್ದು ಬಂದೆವು. ಮರುದಿನ ಬೆಳಿಗ್ಗೆ ಕೀ ತಿರುಗಿಸಿದರೆ ಎಂಜಿನ್ ಏಳುವ ಬದಲು ಬಾನೆಟ್ಟಿನ ಕೆಳಗಿನಿಂದ ಟಕಟಕ ಎಂಬ ಸದ್ದು ಮಾತ್ರ ಬಂತು, ಮೀಟರಿನ ದೀಪಗಳು ಮಂಕಾಗಿ ಮಿಣುಕಿದವು. ಮನೆಬಾಗಿಲಿಗೆ ಬಂದು ಬ್ಯಾಟರಿ ಬದಲಿಸಿಕೊಡುವ ಒಂದು ಸೇವೆಗೆ ಫೋನ್ ಮಾಡಿದೆ. ಬಂದ ಹುಡುಗನ ಕೈಯಲ್ಲಿ ಹೊಸ ಬ್ಯಾಟರಿ ಇತ್ತು, ವೋಲ್ಟೇಜು ಅಳೆಯುವ ಮೀಟರ್ ಇರಲಿಲ್ಲ. ಬ್ಯಾಟರಿಯ ಮೇಲಿನ ತಾರೀಖು ನೋಡಿ, ಮೂರು ವರ್ಷವಾಗುತ್ತ ಬಂತು, ಇದರ ಆಯುಷ್ಯ ಮುಗಿಯಿತು ಎಂದ. ಜೊತೆಗೆ 45 ಆಂಪಿಯರ್-ಅವರ್‌ನ ದೊಡ್ಡದನ್ನು ಹಾಕಿಸಿಕೊಂಡರೆ ಇನ್ನೂ ಚೆನ್ನಾಗಿ ಎಳೆಯುತ್ತದೆ ಎಂದು ಒತ್ತಾಯಿಸಿದ. ಅಳೆಯದೆ ಸಾವಿನ ತೀರ್ಪು ಕೊಟ್ಟದ್ದು ನನಗೆ ಸರಿಕಾಣಲಿಲ್ಲ. ಅವನಿಗೆ ಬಂದುಹೋದ ಖರ್ಚು ಕೊಟ್ಟು ಕಳುಹಿಸಿದೆ.

ಪಕ್ಕದ ಮನೆಯವರು ಹೇಳಿದ ಮೇಲೆ ಈ ಅಂಗಡಿಗೆ ಫೋನ್ ಮಾಡಿದೆ. ಆ ಕಡೆಯಿಂದ ಬಂದ ಮೊದಲ ಸೂಚನೆ, ಬೇರೆ ಕಾರಿನಿಂದ ಕೇಬಲ್ ಹಾಕಿ ಸ್ಟಾರ್ಟ್ ಮಾಡಬೇಡಿ, ಬ್ಯಾಟರಿಯನ್ನು ಇದ್ದ ಸ್ಥಿತಿಯಲ್ಲೇ ಬಿಚ್ಚಿ ತನ್ನಿ ಎಂಬುದಾಗಿತ್ತು. ಹತ್ತು ನಂಬರಿನ ಪಾನಾ ಹಿಡಿದು ಮೊದಲು ಮೈನಸ್ ತಂತಿ, ನಂತರ ಪ್ಲಸ್ ತಂತಿ ಬಿಚ್ಚಿದೆವು. ಈ ಅನುಕ್ರಮಕ್ಕೆ ಕಾರಣವಿದೆ. ಕಾರಿನ ಇಡೀ ಲೋಹದ ಮೈ ಮೈನಸ್ಸಿಗೆ ಜೋಡಿಸಿರುತ್ತದೆ; ಪ್ಲಸ್ ಬಿಚ್ಚುವಾಗ ಪಾನಾ ಮೈಗೆ ತಗುಲಿದರೆ ನೂರಾರು ಆಂಪಿಯರ್ ಒಮ್ಮೆಲೇ ಹರಿದು ಕಿಡಿ ಹಾರುತ್ತದೆ, ಮೈನಸ್ ಮೊದಲೇ ಬಿಚ್ಚಿದ್ದರೆ ಆ ಅಪಾಯವಿಲ್ಲ. ಕೂರಿಸುವಾಗ ಇದೇ ಅನುಕ್ರಮ ತಿರುವುಮುರುವು: ಮೊದಲು ಪ್ಲಸ್, ಕೊನೆಗೆ ಮೈನಸ್. ಆಸಿಡ್ ಚೆಲ್ಲದಂತೆ ಬ್ಯಾಟರಿಯನ್ನು ನೆಟ್ಟಗೆ ಹಿಡಿದು ಸ್ಕೂಟರಿನ ಮೇಲೆ ಒಯ್ದೆವು.

ಅಂಗಡಿಯ ಯಜಮಾನರು ಮೀಟರ್ ಹಿಡಿದರು. 11.8 ವೋಲ್ಟ್. ಪೂರ್ತಿ ಚಾರ್ಜ್ ಆಗಿ ಕೆಲವು ಗಂಟೆ ವಿಶ್ರಾಂತಿ ಪಡೆದ ಬ್ಯಾಟರಿ 12.6ರಿಂದ 12.7 ವೋಲ್ಟ್ ತೋರಿಸುತ್ತದೆ, 12.4 ಎಂದರೆ ಸುಮಾರು ಮುಕ್ಕಾಲು, 12.2 ಎಂದರೆ ಸುಮಾರು ಅರ್ಧ, 12.0 ಎಂದರೆ ಸುಮಾರು ಕಾಲು ಭಾಗ ಉಳಿದಿದೆ ಎಂದರ್ಥ. 11.8 ಎಂದರೆ ಹೆಚ್ಚುಕಡಿಮೆ ಬರಿದು. ನಾನು ಹೊಸದರ ಬೆಲೆ ಕೇಳಿದೆ. ಅವರು ಕೊಟ್ಟ ಉತ್ತರ ನನಗೆ ಈಗಲೂ ಕಿವಿಯಲ್ಲಿದೆ: "ಸರ್, ಇದು ಸತ್ತಿಲ್ರೀ, ಹಸಿದೈತಿ. ಮೊದ್ಲ ಉಣಿಸಿ ನೋಡೂಣು."

ಅಂಗಡಿಯಲ್ಲಿ ಬ್ಯಾಟರಿಯ ಒಳಗಿನ ಸಾಮರ್ಥ್ಯವನ್ನು ಅಳೆದು ಚೀಟಿ ಮುದ್ರಿಸಿಕೊಡುವ ಯಂತ್ರವಿತ್ತು. ಆದರೆ ಬರಿದಾದ ಬ್ಯಾಟರಿಗೆ ಅದನ್ನು ಹಚ್ಚಿದರೆ ಬರುವ ಉತ್ತರವನ್ನು ನಂಬಲಾಗದು, ಕಂಪನಿಯವರು ಕೂಡ ವಾರಂಟಿಗೆ ತಂದ ಬ್ಯಾಟರಿಯನ್ನು ಮೊದಲು ಚಾರ್ಜ್ ಮಾಡಿಯೇ ಪರೀಕ್ಷಿಸುತ್ತಾರೆ ಎಂದು ಅವರು ವಿವರಿಸಿದರು. ಮೇಲಿನ ಆರು ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ಒಳಗಿನ ಆರು ಸೆಲ್‌ಗಳನ್ನು, ಅಂದರೆ ಕೋಣೆಗಳನ್ನು, ತೋರಿಸಿದರು: ಎರಡು ಸೆಲ್‌ಗಳಲ್ಲಿ ನೀರು ಪ್ಲೇಟುಗಳ ಮಟ್ಟಕ್ಕೆ ಇಳಿದಿತ್ತು. ಪ್ಲೇಟು ಮುಳುಗುವಷ್ಟು ಮಾತ್ರ ಡಿಸ್ಟಿಲ್ಡ್ ವಾಟರ್ ಹಾಕಿ, ಮೂರೂವರೆ ಆಂಪಿಯರ್‌ನಲ್ಲಿ ರಾತ್ರಿಯಿಡೀ ಚಾರ್ಜಿಗೆ ಇಟ್ಟು, ಚಾರ್ಜ್ ಆದ ಮೇಲೆ ಗುರುತಿನವರೆಗೆ ತುಂಬಿದರು. ಮೊದಲೇ ಪೂರ್ತಿ ತುಂಬಿದರೆ ಚಾರ್ಜ್ ಆಗುವಾಗ ದ್ರವ ಹಿಗ್ಗಿ ಹೊರಗೆ ಉಕ್ಕುತ್ತದೆ. ಮರುದಿನ ಮಧ್ಯಾಹ್ನ ಮೀಟರ್ 12.6 ತೋರಿಸಿತು, ಯಂತ್ರದಿಂದ "ಗುಡ್ ಬ್ಯಾಟರಿ" ಎಂಬ ಚೀಟಿ ಬಂತು. ಮಾರಾಟವೊಂದು ಕೈತಪ್ಪಿತೆಂಬ ಬೇಸರ ಯಜಮಾನರ ಮುಖದಲ್ಲಿ ಕಾಣಲಿಲ್ಲ.

ಆದರೆ ಅವರು ಅಲ್ಲಿಗೇ ಬಿಡಲಿಲ್ಲ. ಚೆನ್ನಾಗಿರುವ ಬ್ಯಾಟರಿ ಹನ್ನೆರಡು ದಿನದಲ್ಲಿ ಬರಿದಾಗಬಾರದು, ಕಾರು ಎಲ್ಲೋ ಕರೆಂಟು ಕುಡಿಯುತ್ತಿದೆ ಎಂದು ತಮ್ಮ ಹುಡುಗನನ್ನು ನನ್ನೊಂದಿಗೆ ಮನೆಗೆ ಕಳುಹಿಸಿದರು. ಅವನು ಕೀ ತೆಗೆದು, ಬಾಗಿಲು ಮುಚ್ಚಿ ಲಾಕ್ ಮಾಡಿ, ಮೈನಸ್ ತಂತಿ ಮತ್ತು ಬ್ಯಾಟರಿಯ ನಡುವೆ ಮೀಟರನ್ನು ಸಾಲಾಗಿ ಸೇರಿಸಿ ಇಪ್ಪತ್ತು ನಿಮಿಷ ಕಾದ. ಲಾಕ್ ಆದ ಕೂಡಲೇ ಕಾರಿನ ವಿದ್ಯುತ್ ಉಪಕರಣಗಳು ಪೂರ್ತಿ ಮಲಗುವುದಿಲ್ಲ, ಆದ್ದರಿಂದ ಈ ಕಾಯುವಿಕೆ ಅಗತ್ಯ. ಮೀಟರ್ 90 ಮಿಲಿಆಂಪಿಯರ್‌ನಲ್ಲಿ ನಿಂತಿತು. ಸಾಮಾನ್ಯವಾಗಿ ನಿಂತ ಕಾರು 50ರೊಳಗೆ ಇರಬೇಕು. ಒಂದೊಂದೇ ಫ್ಯೂಸ್ ತೆಗೆದರೂ ಅಂಕಿ ಇಳಿಯಲಿಲ್ಲ. ಹಿಂದಿನ ವರ್ಷ ಒಂದು ಅಲಂಕಾರ ಸಾಮಗ್ರಿಗಳ ಅಂಗಡಿಯಲ್ಲಿ ಹಾಕಿಸಿದ್ದ ಡ್ಯಾಶ್ ಕ್ಯಾಮೆರಾದ ತಂತಿಯನ್ನು ಫ್ಯೂಸ್ ಪೆಟ್ಟಿಗೆಗೆ ಕೊಡದೆ ನೇರವಾಗಿ ಬ್ಯಾಟರಿಗೆ ಕೊಟ್ಟಿದ್ದರು; ಅದನ್ನು ಕಳಚಿದೊಡನೆ ಅಂಕಿ 20ಕ್ಕೆ ಬಿದ್ದಿತು.

ಲೆಕ್ಕ ಹಾಕಿದರೆ ಎಲ್ಲವೂ ಸರಿಹೊಂದಿತು. 90 ಮಿಲಿಆಂಪಿಯರ್ ದಿನವಿಡೀ ಹರಿದರೆ 2.16 ಆಂಪಿಯರ್-ಅವರ್; ಹನ್ನೆರಡು ದಿನಕ್ಕೆ ಸುಮಾರು 26. ಹೊಸದಾಗಿದ್ದಾಗ 35 ಇರುವ, ಮೂರು ವರ್ಷದಲ್ಲಿ ಒಂದಿಷ್ಟು ಸವೆದಿರುವ ಬ್ಯಾಟರಿಯಲ್ಲಿ ಅಷ್ಟು ಹೋದ ಮೇಲೆ ಸೆಲ್ಫ್ ಹೊಡೆಯುವ ಶಕ್ತಿ ಎಲ್ಲಿಂದ ಬರಬೇಕು? ನಾನು ಅಂದು ಹೊಸ ಬ್ಯಾಟರಿ ಹಾಕಿಸಿಕೊಂಡಿದ್ದರೆ, ಮುಂದಿನ ಸಲ ಊರಿಗೆ ಹೋಗಿ ಬರುವಷ್ಟರಲ್ಲಿ ಅದೂ ಇದೇ ರೀತಿ ಬರಿದಾಗುತ್ತಿತ್ತು, ದೂರು ಬ್ಯಾಟರಿಯ ಕಂಪನಿಯ ಮೇಲೆ ಹೋಗುತ್ತಿತ್ತು. ಅಮರಾನ್ ಒಳ್ಳೆಯದೋ ಎಕ್ಸೈಡ್ ಒಳ್ಳೆಯದೋ ಎಂಬ ವಾದದಲ್ಲಿ ನಮ್ಮವರು ಕಳೆಯುವ ಸಮಯದ ಕಾಲು ಭಾಗವನ್ನು ಈ ಒಂದು ಅಳತೆಗೆ ಕೊಟ್ಟರೆ ಎಷ್ಟೋ ಬ್ಯಾಟರಿಗಳು ಅಕಾಲದಲ್ಲಿ ಗುಜರಿ ಸೇರುವುದಿಲ್ಲ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಬರಿದಾದ ಸ್ಥಿತಿಯಲ್ಲಿ ದಿನಗಟ್ಟಲೆ ಬಿಡುವುದು ಬ್ಯಾಟರಿಗೆ ಏಕೆ ಮಾರಕ ಎಂಬುದನ್ನೂ ಅಂದೇ ತಿಳಿದೆ. ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ 1859ರಲ್ಲಿ ಸೀಸ ಮತ್ತು ಗಂಧಕಾಮ್ಲದ ಬ್ಯಾಟರಿಯನ್ನು ಕಂಡುಹಿಡಿದಂದಿನಿಂದ ಮೂಲ ಕ್ರಿಯೆ ಬದಲಾಗಿಲ್ಲ: ಕರೆಂಟು ಕೊಡುವಾಗ ಎರಡೂ ಬಗೆಯ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ, ಚಾರ್ಜ್ ಮಾಡುವಾಗ ಅದು ಕರಗಿ ಮರಳುತ್ತದೆ. ಬರಿದಾದ ಕೂಡಲೇ ಚಾರ್ಜ್ ಮಾಡಿದರೆ ಆ ಸಲ್ಫೇಟು ಮೃದುವಾಗಿದ್ದು ಸುಲಭವಾಗಿ ಬಿಡುತ್ತದೆ. ವಾರಗಟ್ಟಲೆ ಹಾಗೆಯೇ ಬಿಟ್ಟರೆ ಗಟ್ಟಿ ಹರಳುಗಟ್ಟಿ ಪ್ಲೇಟಿನ ಒಂದು ಭಾಗವನ್ನು ಶಾಶ್ವತವಾಗಿ ನಿಷ್ಕ್ರಿಯಗೊಳಿಸುತ್ತದೆ. ನನ್ನ ಬ್ಯಾಟರಿಯೂ ಆ ಮೇ ತಿಂಗಳಲ್ಲಿ ತನ್ನ ಆಯುಷ್ಯದ ಒಂದು ಪಾಲನ್ನು ಕಳೆದುಕೊಂಡಿರಬೇಕು.

ಬರಿದಾದ ಬ್ಯಾಟರಿಗೆ ಕೇಬಲ್ ಹಾಕಿ ಸ್ಟಾರ್ಟ್ ಮಾಡಿ ಅರ್ಧ ಗಂಟೆ ಓಡಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ನಂಬಿಕೆ ನನಗೂ ಇತ್ತು. ಒಂದು ಸಲ ಸೆಲ್ಫ್ ಹೊಡೆಯಲು ಖರ್ಚಾಗುವುದು ಬಹಳ ಕಡಿಮೆ: ನೂರೈವತ್ತು ಆಂಪಿಯರ್ ಎರಡು ಸೆಕೆಂಡು ಹರಿದರೂ ಒಂದು ಆಂಪಿಯರ್-ಅವರ್‌ನ ಹತ್ತನೆಯ ಒಂದು ಭಾಗದಷ್ಟೂ ಆಗುವುದಿಲ್ಲ, ಅದನ್ನು ಕೆಲವೇ ನಿಮಿಷಗಳ ಓಟ ತುಂಬಿಕೊಡುತ್ತದೆ. ಆದರೆ 26 ಆಂಪಿಯರ್-ಅವರ್ ಕಳೆದುಕೊಂಡ ಬ್ಯಾಟರಿಯ ಮಾತೇ ಬೇರೆ. ಅದು ತುಂಬುತ್ತ ಬಂದಂತೆ ನಿಧಾನವಾಗಿ ಮಾತ್ರ ಕರೆಂಟು ಸ್ವೀಕರಿಸುವುದರಿಂದ ಪೂರ್ತಿಯಾಗಲು ಹಲವು ಗಂಟೆಗಳೇ ಬೇಕು. ಅರೆಹೊಟ್ಟೆಯಲ್ಲೇ ತಿಂಗಳುಗಟ್ಟಲೆ ಓಡುವ ಬ್ಯಾಟರಿಯ ಪ್ಲೇಟಿನ ಮೇಲೆ ಸಲ್ಫೇಟು ಗಟ್ಟಿಯಾಗುತ್ತಲೇ ಇರುತ್ತದೆ. ಆದ್ದರಿಂದ ಅಂಗಡಿಯವರು ಫೋನಿನಲ್ಲಿ, ಬಿಚ್ಚಿ ತನ್ನಿ ಎಂದದ್ದು ನನ್ನ ಬ್ಯಾಟರಿಯ ಹಿತಕ್ಕಾಗಿಯೇ ಆಗಿತ್ತು.

ಇನ್ನು ಎರಡನೆಯ ಭೇಟಿ. 2024ರ ಡಿಸೆಂಬರಿನ ಒಂದು ವಾರ, ಬೆಳಗಿನ ಹೊತ್ತು ಎಂಜಿನ್ ಎದ್ದೇಳುತ್ತಿತ್ತಾದರೂ ತಿರುಗುವ ವೇಗ ದಿನದಿಂದ ದಿನಕ್ಕೆ ಕುಗ್ಗುತ್ತಿತ್ತು. ಈ ಸಲ ಕಾದು ಕೂರದೆ ನೇರ ಅಂಗಡಿಗೆ ಓಡಿಸಿಕೊಂಡು ಹೋದೆ. ರಾತ್ರಿ ಚಾರ್ಜಿಗೆ ಇಟ್ಟು, ಬೆಳಿಗ್ಗೆ ವಿಶ್ರಾಂತಿ ಕೊಟ್ಟು ಅಳೆದರೆ 12.4 ವೋಲ್ಟ್. ಅದೊಂದನ್ನೇ ನೋಡಿದವರು ಪರವಾಗಿಲ್ಲ ಎನ್ನಬಹುದಿತ್ತು. ಯಜಮಾನರು ಆಸಿಡ್ ದ್ರವದ ಸಾಂದ್ರತೆ ಅಳೆಯುವ (ಚಾರ್ಜ್ ಇಳಿದಷ್ಟೂ ಇದು ಇಳಿಯುತ್ತದೆ) ಗಾಜಿನ ನಳಿಕೆಯ ಹೈಡ್ರೋಮೀಟರ್ ತಂದು ಒಂದೊಂದು ಸೆಲ್‌ನ ದ್ರವವನ್ನು ಹೀರಿ ನನ್ನ ಕಣ್ಣೆದುರಿಗೇ ಹಿಡಿದರು. ಐದು ಸೆಲ್‌ಗಳಲ್ಲಿ ತೇಲುಗೋಲು 1.25ರ ಆಸುಪಾಸಿನಲ್ಲಿ ನಿಂತಿತು, ನಾಲ್ಕನೆಯದರಲ್ಲಿ 1.13ಕ್ಕೆ ಮುಳುಗಿತು. ರಾತ್ರಿಯಿಡೀ ಚಾರ್ಜ್ ಮಾಡಿದರೂ ಒಂದು ಸೆಲ್ ಏಳಲಿಲ್ಲವೆಂದರೆ ಅದರ ಪ್ಲೇಟುಗಳ ಕೆಲಸ ಮುಗಿದಿದೆ. ಆರು ಸೆಲ್‌ಗಳು ಸಾಲಾಗಿ ಸೇರಿರುವುದರಿಂದ ದುರ್ಬಲವಾದ ಒಂದೇ ಸೆಲ್ ಇಡೀ ಬ್ಯಾಟರಿಯನ್ನು ಕಟ್ಟಿಹಾಕುತ್ತದೆ. ಕಾರಿಗೆ ಜೋಡಿಸಿ ಸೆಲ್ಫ್ ಹೊಡೆದಾಗ ವೋಲ್ಟೇಜು 9ಕ್ಕಿಂತ ಕೆಳಗೆ ಇಳಿಯಿತು. ಆರೋಗ್ಯವಂತ ಬ್ಯಾಟರಿ 9.6ಕ್ಕಿಂತ ಮೇಲೆ ನಿಲ್ಲಬೇಕು. "ಒಂದು ಸೆಲ್ ಹೋಗೈತ್ರೀ ಸರ್, ಈ ಸಲ ಮುಗೀತು" ಎಂದರು. ನಾಲ್ಕು ವರ್ಷ ಐದು ತಿಂಗಳು ಬಾಳಿದ ಬ್ಯಾಟರಿ ಅದು. ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಎನ್ನುತ್ತಾರೆ. ನಡುವೆ ಒಮ್ಮೆ ಪೂರ್ತಿ ಬರಿದಾಗಿಯೂ ಇಷ್ಟು ನಡೆದದ್ದು ನನಗೆ ತೃಪ್ತಿಯೇ.

ಯಂತ್ರದ ಚೀಟಿಯಲ್ಲಿ ಸಿಸಿಎ (ಕೋಲ್ಡ್ ಕ್ರ್ಯಾಂಕಿಂಗ್ ಆಂಪ್ಸ್) ಎಂಬ ಒಂದು ಅಂಕಿ ಇರುತ್ತದೆ. ಶೂನ್ಯಕ್ಕಿಂತ 18 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲಿ, ವೋಲ್ಟೇಜು 7.2ಕ್ಕಿಂತ ಕೆಳಗಿಳಿಯದಂತೆ 30 ಸೆಕೆಂಡು ಎಷ್ಟು ಆಂಪಿಯರ್ ಕೊಡಬಲ್ಲದು ಎಂಬುದರ ಅಳತೆ ಅದು. ಹುಬ್ಬಳ್ಳಿಗೆ ಅಂಥ ಚಳಿ ಎಂದೂ ಬರುವುದಿಲ್ಲ, ಆದರೂ ಹೊಸದಾಗಿದ್ದಾಗಿನ ಅಂಕಿಗೂ ಈಗಿನ ಅಂಕಿಗೂ ಇರುವ ಅಂತರದಿಂದ ಬ್ಯಾಟರಿ ಎಷ್ಟು ಸವೆದಿದೆ ಎಂಬುದು ತಿಳಿಯುತ್ತದೆ. ನನ್ನ ಹಳೆಯ ಬ್ಯಾಟರಿಯಲ್ಲಿ ಅದು ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ವಾಸ್ತವದಲ್ಲಿ ನಮ್ಮ ಕಡೆ ಬ್ಯಾಟರಿಯ ಶತ್ರು ಬಿಸಿಲು. ಉಷ್ಣತೆ ಹತ್ತು ಡಿಗ್ರಿ ಏರಿದರೆ ಒಳಗಿನ ರಾಸಾಯನಿಕ ಕ್ರಿಯೆಗಳ ವೇಗ ಹೆಚ್ಚುಕಡಿಮೆ ಇಮ್ಮಡಿಸುತ್ತದೆ, ನೀರು ಬೇಗ ಆರುತ್ತದೆ, ಪ್ಲೇಟಿನ ಜಾಲರಿ ಬೇಗ ತಿನ್ನಲ್ಪಡುತ್ತದೆ. ಕಲಬುರಗಿಯಲ್ಲಿರುವ ನನ್ನ ತಮ್ಮನ ಕಾರು ಬೇಸಿಗೆಯಿಡೀ ಬಯಲಲ್ಲಿ ನಿಲ್ಲುತ್ತದೆ. ಅವನ ಬ್ಯಾಟರಿಗಳು ಮೂರು ವರ್ಷ ದಾಟಿದ್ದಿಲ್ಲ. ನನ್ನ ಕಾರು ಹುಣಸೆಮರದ ನೆರಳಿನಲ್ಲಿ ನಿಲ್ಲುವುದು ನನ್ನ ಪುಣ್ಯ.

ಹೊಸದನ್ನು ಆರಿಸುವಾಗ ಯಜಮಾನರು ಅದೇ ಅಳತೆಗೆ ಅಂಟಿಕೊಂಡರು. ದೊಡ್ಡದನ್ನು ಏಕೆ ಹಾಕಬಾರದು ಎಂದು ಕೇಳಿದ್ದಕ್ಕೆ ಬಾನೆಟ್ ತೆರೆದು ತೋರಿಸಿದರು: ಬ್ಯಾಟರಿ ಕೂರುವ ತಟ್ಟೆಯ ಉದ್ದ ಇಷ್ಟೇ, ಮೇಲಿಂದ ಬಿಗಿಯುವ ಪಟ್ಟಿಯ ಅಳತೆ ಇಷ್ಟೇ, ಸರಿಯಾಗಿ ಬಿಗಿಯಾಗದ ಬ್ಯಾಟರಿ ರಸ್ತೆಯ ಕುಲುಕಾಟಕ್ಕೆ ಒಳಗೊಳಗೇ ಒಡೆಯುತ್ತದೆ, ಎತ್ತರ ಹೆಚ್ಚಾದರೆ ಟರ್ಮಿನಲ್ ಬಾನೆಟ್ಟಿಗೆ ತಗುಲುವ ಭಯವಿದೆ. ಹೆಸರಿನ ಕೊನೆಯ ಎಲ್ ಅಕ್ಷರ ಪ್ಲಸ್ ಯಾವ ಬದಿಗಿದೆ ಎಂಬುದನ್ನು ಹೇಳುತ್ತದೆ. ಅದು ತಪ್ಪಿದರೆ ತಂತಿಯೇ ಮುಟ್ಟುವುದಿಲ್ಲ. ತಯಾರಾದ ತಿಂಗಳನ್ನು ನಾನು ಕೇಳುವ ಮೊದಲೇ ಓದಿ ಹೇಳಿದರು: ಎರಡು ತಿಂಗಳ ಹಿಂದಿನದು. ಬ್ಯಾಟರಿ ಅಂಗಡಿಯ ಕಪಾಟಿನಲ್ಲಿ ಕೂತೇ ಚಾರ್ಜ್ ಕಳೆದುಕೊಳ್ಳುವ ವಸ್ತುವಾದ್ದರಿಂದ ಈ ವಿಚಾರಣೆಯನ್ನು ಯಾರೂ ಬಿಡಬಾರದು.

ಅದೇ ಹೊತ್ತಿಗೆ ಬಂದಿದ್ದ ಇನ್ನೊಬ್ಬ ಗಿರಾಕಿಯ ಕಾರು ಸಿಗ್ನಲ್ಲಿನಲ್ಲಿ ತಾನಾಗಿ ನಿಂತು ತಾನಾಗಿ ಏಳುವ ಬಗೆಯದಾಗಿತ್ತು. ಅವರು ಅಗ್ಗದ ಸಾಮಾನ್ಯ ಬ್ಯಾಟರಿ ಕೇಳಿದರು, ಇವರು ಕೊಡಲಿಲ್ಲ. ಅಂಥ ಕಾರಿಗೆ ಅದಕ್ಕೆಂದೇ ಮಾಡಿದ ಇಎಫ್‌ಬಿ ಅಥವಾ ಎಜಿಎಂ ಬ್ಯಾಟರಿಯೇ ಬೇಕು, ಸಾಮಾನ್ಯದ್ದು ಬೇಗ ಸೋಲುತ್ತದೆ ಎಂದು ತಿಳಿಸಿಹೇಳಿದರು.

ಕೂರಿಸುವ ಕೆಲಸವನ್ನು ಹುಡುಗ ಅರ್ಧ ಗಂಟೆ ತೆಗೆದುಕೊಂಡು ಮಾಡಿದ. ತಂತಿಯ ಕ್ಲ್ಯಾಂಪುಗಳ ಮೇಲೆ ಕೂತಿದ್ದ ಹಸಿರುಮಿಶ್ರಿತ ಬಿಳಿ ಪುಡಿಯ ಮೇಲೆ ಬಿಸಿನೀರಿಗೆ ಅಡುಗೆ ಸೋಡಾ ಕಲಸಿ ಸುರಿದಾಗ ಅದು ಬುರುಬುರು ನೊರೆಯೆದ್ದು ಕರಗಿತು. ಒರೆಸಿ ಒಣಗಿಸಿ, ತಂತಿಬ್ರಷ್ಷಿನಿಂದ ಲೋಹ ಹೊಳೆಯುವಂತೆ ಉಜ್ಜಿ, ಪ್ಲಸ್ ಮೊದಲು ಮೈನಸ್ ನಂತರ ಬಿಗಿದು, ಬಿಗಿದ ಮೇಲೆ ವ್ಯಾಸಲೀನ್ ಸವರಿದ. ಮೊದಲೇ ಸವರುವವರನ್ನು ನೋಡಿದ್ದೇನೆ. ಲೋಹಕ್ಕೆ ಲೋಹ ಚೆನ್ನಾಗಿ ಕಚ್ಚಿಕೊಂಡ ಮೇಲೆ ಹೊರಗಿನ ಗಾಳಿ ತಡೆಯಲು ಸವರುವುದೇ ಸರಿಯಾದ ಕ್ರಮ. ಕೊನೆಗೆ ಎಂಜಿನ್ ಚಾಲೂ ಮಾಡಿ, ಓಡುವಾಗ ಬ್ಯಾಟರಿಗೆ ಕರೆಂಟು ತುಂಬುವ ಆಲ್ಟರ್ನೇಟರಿನ ಚಾರ್ಜಿಂಗ್ ಅಳೆದ: 14.2 ವೋಲ್ಟ್, ಹೆಡ್‌ಲೈಟು, ಎಸಿ ಹಾಕಿದಾಗ 13.9. ಹೊಸ ಬ್ಯಾಟರಿ ಹಾಕಿದ ಮೇಲೂ ಈ ಪರೀಕ್ಷೆ ಮಾಡದ ಅಂಗಡಿಗಳೇ ಹೆಚ್ಚು. ಆಲ್ಟರ್ನೇಟರ್ ಕೆಟ್ಟಿದ್ದರೆ ಎಂಥ ಬ್ಯಾಟರಿಯೂ ಕೆಲವು ದಿನಗಳಲ್ಲಿ ನೆಲಕಚ್ಚುತ್ತದೆ.

ಹಳೆಯದನ್ನು ಕೊಟ್ಟ ಮೇಲೆ ನಾನು ತೆತ್ತದ್ದು 4,300 ರೂಪಾಯಿ. ಆನ್‌ಲೈನಿನಲ್ಲಿ ಇದೇ ಬ್ಯಾಟರಿ ಮುನ್ನೂರು ರೂಪಾಯಿ ಕಡಿಮೆಗೆ ಇತ್ತು. ಆ ಮುನ್ನೂರು ಇವರ ಮೀಟರಿಗೂ ಹೈಡ್ರೋಮೀಟರಿಗೂ ಸಲ್ಲತಕ್ಕದ್ದೇ. ಹಳೆಯ ಬ್ಯಾಟರಿಯನ್ನು ಮನೆಯ ಹತ್ತಿರದ ಗುಜರಿಯವನಿಗೆ ಕೊಡದೆ ಬ್ಯಾಟರಿ ಅಂಗಡಿಗೇ ಕೊಡುವುದು ಒಳ್ಳೆಯದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬಳಸಿದ ಬ್ಯಾಟರಿಗಳ ಮರುಸಂಗ್ರಹ ಮತ್ತು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಒಳಗಿನ ಸೀಸ ಬಹುಪಾಲು ಮರುಬಳಕೆಗೆ ಬರುತ್ತದೆ. ಹಿತ್ತಲಲ್ಲಿ ಒಡೆದು ಆಸಿಡನ್ನು ಮಣ್ಣಿಗೆ ಸುರಿಯುವವರ ಕೈಗೆ ಸಿಕ್ಕರೆ ಅದೇ ಸೀಸ ಮಕ್ಕಳ ಮೈಸೇರುವ ವಿಷ.

ಕೊರತೆಗಳೂ ಇವೆ. ವಾರಂಟಿ ಕಾರ್ಡಿನಲ್ಲಿ ಮಾರಾಟದ ತಾರೀಖು, ಮೊಹರು ಮತ್ತು ಕ್ರಮಸಂಖ್ಯೆಯನ್ನು ನಾನು ಕೇಳಿ ಬರೆಸಿಕೊಳ್ಳಬೇಕಾಯಿತು, ಅವರಾಗಿ ಬರೆಯಲಿಲ್ಲ. ವಾರಂಟಿಯ ಅರ್ಥವನ್ನೂ ಬಾಯಿಬಿಟ್ಟು ಹೇಳಲಿಲ್ಲ: ನನ್ನ ಕಾರ್ಡಿನ 48 ತಿಂಗಳಲ್ಲಿ ಮೊದಲ 24 ಮಾತ್ರ ಉಚಿತ ಬದಲಾವಣೆ, ಉಳಿದ 24ರಲ್ಲಿ ಸಿಗುವುದು ತಿಂಗಳು ಕಳೆದಂತೆ ಇಳಿಯುವ ರಿಯಾಯಿತಿ, ಅದೂ ಮುದ್ರಿತ ಬೆಲೆಯ ಮೇಲೆ. ಅಂಗಡಿಗಳು ಮುದ್ರಿತ ಬೆಲೆಗಿಂತ ಹೇಗೂ ಕಡಿಮೆಗೆ ಮಾರುವುದರಿಂದ ಕೊನೆಯ ತಿಂಗಳುಗಳಲ್ಲಿ ಆ ರಿಯಾಯಿತಿಯ ಲಾಭ ಅತ್ಯಲ್ಪ. ಬ್ಯಾಟರಿ ಬಿಚ್ಚಿದಾಗ ಗಡಿಯಾರ ಮತ್ತು ರೇಡಿಯೋದ ನೆನಪು ಅಳಿಸಿಹೋಯಿತು. ಅದನ್ನು ಉಳಿಸಿಕೊಳ್ಳಲು ಕ್ಷಣಕಾಲ ಬೇರೆ ಕರೆಂಟು ಕೊಡುವ ಚಿಕ್ಕ ಸಾಧನವನ್ನು ಅವರು ಇಟ್ಟುಕೊಳ್ಳಬೇಕು. ಕೂರಲು ಒಂದೇ ಕುರ್ಚಿ, ಚಾರ್ಜಿಗಿಟ್ಟ ಬ್ಯಾಟರಿಗಳ ಸಾಲಿನಿಂದ ಏಳುವ ಆಸಿಡ್ ವಾಸನೆ ಗಂಟಲು ಕೆರೆಯುತ್ತದೆ. ಚಾರ್ಜ್ ಆಗುವಾಗ ಹೊರಡುವ ಹೈಡ್ರೋಜನ್ ಕಿಡಿ ತಗುಲಿದರೆ ಸಿಡಿಯುವ ಅನಿಲವಾದ್ದರಿಂದ, ಆ ಕೋಣೆಗೆ ಇನ್ನೊಂದು ಕಿಟಕಿ ಇಡಿಸಬೇಕೆಂದು ಯಜಮಾನರಿಗೆ ವಿನಂತಿಸಿದ್ದೇನೆ.

ಮನೆಯಲ್ಲಿ ನಾನು ಈಗ ಪಾಲಿಸುತ್ತಿರುವುದು ಹೆಚ್ಚೇನೂ ಇಲ್ಲ. ವಾರಕ್ಕೊಮ್ಮೆ ಧಾರವಾಡದವರೆಗೆ ಹೋಗಿ ಬರುತ್ತೇನೆ. ಹತ್ತು ದಿನಕ್ಕೂ ಮಿಕ್ಕಿ ಊರಿಗೆ ಹೋಗುವಾಗ ಮೈನಸ್ ತಂತಿ ಬಿಚ್ಚಿಡುತ್ತೇನೆ. ಕ್ಯಾಮೆರಾಕ್ಕೆ ಕೀ ತಿರುಗಿಸಿದಾಗ ಮಾತ್ರ ಕರೆಂಟು ಸಿಗುವ ಫ್ಯೂಸಿನಿಂದ ತಂತಿ ಕೊಡಿಸಿದ್ದೇನೆ. ಈಗಿನ ಬ್ಯಾಟರಿಗೆ ನೀರು ಹಾಕುವ ಅಗತ್ಯವಿಲ್ಲ. ಚಾರ್ಜ್ ಇದೆಯೇ ಎಂದು ತೋರಿಸುವ ಮೇಲಿನ ಚಿಕ್ಕ ಕಣ್ಣು ಹಸಿರಾಗಿದೆ, ಆದರೆ ಆ ಕಣ್ಣು ಆರರಲ್ಲಿ ಒಂದು ಸೆಲ್‌ನ ಸುದ್ದಿಯನ್ನು ಮಾತ್ರ ಹೇಳುತ್ತದೆ ಎಂಬುದನ್ನು ನಾಲ್ಕನೆಯ ಸೆಲ್‌ನ ಅನುಭವದ ಮೇಲೆ ಮರೆಯಲಾರೆ. ನೀರು ಬೇಡುವ ಬ್ಯಾಟರಿ ಇರುವವರು ಬೋರ್‌ವೆಲ್ ನೀರನ್ನಾಗಲಿ ಮನೆಯ ಫಿಲ್ಟರ್ ನೀರನ್ನಾಗಲಿ ಹಾಕಬಾರದು, ಅದರಲ್ಲಿರುವ ಲವಣ ಪ್ಲೇಟಿಗೆ ಹಾನಿ. ಆಸಿಡನ್ನಂತೂ ಮೇಲಿಂದ ಎಂದೂ ಸುರಿಯಬಾರದು, ಆವಿಯಾಗಿ ಹೋಗುವುದು ನೀರು ಮಾತ್ರ.

ಆರು ತಿಂಗಳಿಗೊಮ್ಮೆ ಬಂದರೆ ಉಚಿತವಾಗಿ ಅಳೆದುಕೊಡುವುದಾಗಿ ಅಂಗಡಿಯವರು ಹೇಳಿದ್ದರು. 2025ರ ಜೂನಿನಲ್ಲಿ ಮೊದಲ ಮಳೆ ಬಿದ್ದ ವಾರ ಹೋಗಿದ್ದೆ. ಬೇಸಿಗೆ ದಾಟಿ ಬಂದ ಬ್ಯಾಟರಿ 12.6 ತೋರಿಸಿತು. ಹುಡುಗ ಚೀಟಿಯ ಹಿಂದೆ ತಾರೀಖು ಬರೆದುಕೊಟ್ಟ. ಕಾರಿನ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಹಳೆಯ ಬ್ಯಾಟರಿಯ ಎರಡು ಚೀಟಿಗಳ ಮೇಲೆ ಅದನ್ನೂ ಇಟ್ಟಿದ್ದೇನೆ.